ಉಸ್ಮಾನ್‌ಸಾಬ್ ಕೇಳಿದ ಬ್ರೇಕ್ ವಾಸರ್

ಮಸ್ಕಿಯ ಉಸ್ಮಾನ್‌ಸಾಬ್ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಕುಳಿತಿದ್ದೇನೆ. ಎಷ್ಟು ಸಾಧ್ಯವಾಗುತ್ತದೋ ನೋಡೋಣ. ನಾನು ಅಮರಗುಂಡಪ್ಪ, ಸಿಂಧನೂರಿನಲ್ಲಿ ಬ್ರೇಕ್ ಸಾಮಾನಿನ ಅಂಗಡಿ ಇಟ್ಟವನು. ನಾವಿಬ್ಬರೂ ಅಮೀನ್‌ಸಾಬ್ ಎಂಬ ಒಬ್ಬನೇ ಉಸ್ತಾದನ ಕೈಕೆಳಗೆ ಕೆಲಸ ಕಲಿತವರು. ಆಮೇಲೆ ನಾನು ಅಂಗಡಿ ಹಾಕಿದೆ, ಗಾಜಿನ ಕಪಾಟು ಮಾಡಿಸಿದೆ, ಬೋರ್ಡಿಗೆ ಲೈಟು ಹಾಕಿಸಿದೆ. ಅವನು ಮಸ್ಕಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕುಳಿತವನು ಇವತ್ತಿಗೂ ಎದ್ದಿಲ್ಲ. ಆದರೂ ಸಿಂಧನೂರಿನ ಗಾಡಿಗಳೇ ನನ್ನ ಬೋರ್ಡಿನ ಮುಂದೆ ಹಾದು ಅವನ ಶೆಡ್ಡಿಗೆ ಹೋಗುತ್ತವೆ.

ಯಾಕ್ರಪ್ಪಾ ಎಂದು ಕೇಳಿದರೆ ಎಲ್ಲರದೂ ಒಂದೇ ಮಾತು: ಉಸ್ಮಾನ್‌ಸಾಬನ ಕೈಗುಣ ಚೆನ್ನಾಗಿದೆ. ನನ್ನ ಕೈಗೇನು ಧಾಡಿ? ಅವನು ಮಾಡುವುದಿಷ್ಟೇ. ನಟ್ಟು ಬಿಚ್ಚುವ ಪಾನಾದಿಂದ ಗಾಲಿಯನ್ನು ಟಣ್ ಎಂದು ಬಡಿದು ಕಿವಿ ಕೊಡುತ್ತಾನೆ. ಕೆಲಸ ಮುಗಿದ ಮೇಲೆ ಮೊದಲು ತಾನೇ ಆ ಗಾಡಿಯಲ್ಲಿ ಕೂತು, ಓಡಿಸಿ, ಬ್ರೇಕ್ ಒತ್ತಿ ನೋಡಿಯೇ ಗಿರಾಕಿಗೆ ಕೊಡುತ್ತಾನೆ. ಇದನ್ನೇ ಜನ ದೊಡ್ಡದು ಮಾಡಿದ್ದಾರೆ. ನಮ್ಮ ಉಸ್ತಾದನೂ ಹಾಗೇ. ಸಾಯುವ ಮುಂಚೆ ತನ್ನ ಲೈನಿಂಗ್ ಬಡಿಯುವ ಸುತ್ತಿಗೆಯನ್ನು ಅವನಿಗೆ ಕೊಟ್ಟ, ನನಗೆ ಆಶೀರ್ವಾದ ಕೊಟ್ಟ. ಆಶೀರ್ವಾದವನ್ನು ಅಂಗಡಿಯಲ್ಲಿ ಎಲ್ಲಿ ನೇತುಹಾಕಲಿ?

ಇಂಥದ್ದರಲ್ಲಿ ವಿಮಾನದ ಕೆಲಸ ಬಂತು. ಸಂತೆಕಲ್ಲೂರು ದಾಟಿ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ವಿಮಾನ ರಿಪೇರಿ ಕಲಿಸುವ ಖಾಸಗಿ ಶಾಲೆಯೊಂದಿದೆ. ಅಲ್ಲಿರುವುದು ಎರಡು ಸೀಟಿನ ಒಂದು ಹಳೆಯ ಪುಟ್ಟ ವಿಮಾನ. ಅದಕ್ಕೆ ಹಾರುವ ಅನುಮತಿ ಯಾವಾಗಲೋ ಮುಗಿದಿದೆ; ಪಾಠಕ್ಕೆಂದು ಎಂಜಿನ್ ಚಾಲೂ ಮಾಡಿ ಅಂಗಳದಲ್ಲಿ ನೆಲದ ಮೇಲೆಯೇ ಓಡಿಸುತ್ತಾರೆ. ಓಡಿದ್ದು ನಿಲ್ಲಬೇಕಲ್ಲ, ಅದರ ಬ್ರೇಕು ಸತ್ತಿತ್ತು. ಅಲ್ಲಿ ಪಾಠ ಮಾಡುವ ಶಿವಗಂಗಾ ಮೇಡಂ ಮೊದಲು ಬಂದದ್ದು ನನ್ನ ಅಂಗಡಿಗೇ. ಇದನ್ನು ಯಾರೂ ನೆನೆಯುವುದಿಲ್ಲ, ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಆಕೆಗೆ ಬೇಕಿದ್ದದ್ದು ಎರಡು ರಬ್ಬರ್ ರಿಂಗು, ಬ್ರೇಕಿನಲ್ಲಿ ಉಜ್ಜಿ ಹಿಡಿಯುವ ಲೈನಿಂಗು ಪಟ್ಟಿ ನಾಲ್ಕು ತುಂಡು. ಆ ವಿಮಾನದ ಸಾಮಾನು ಈಗ ಇಲ್ಲೆಲ್ಲೂ ಸಿಗುವುದಿಲ್ಲ, ಹೊರದೇಶದಿಂದ ಬರಲು ತಿಂಗಳುಗಳು ಬೇಕು. ಮುಂದಿನ ವಾರದ ಶುಕ್ರವಾರವೋ ಹೊಸ ವಿದ್ಯಾರ್ಥಿಗಳ ಮನೆಯವರೆಲ್ಲ ನೋಡಲು ಬರುತ್ತಾರೆ ಎಂದು ವಿವರಿಸಿದಳು. ಹೋಗುವಾಗ ಇನ್ನೊಂದು ಮಾತನ್ನು ಒತ್ತಿ ಹೇಳಿದಳು. ಆ ಬ್ರೇಕಿನಲ್ಲಿ ಇರುವುದು ಕೆಂಪು ಎಣ್ಣೆ, ಕಾರಿಗೆ ಹಾಕುವ ಬ್ರೇಕ್ ಆಯಿಲ್ ಅಲ್ಲ. ಕೆಂಪು ಎಣ್ಣೆಯನ್ನು ತಡೆದುಕೊಳ್ಳುವ ರಬ್ಬರೇ ಆಗಬೇಕು. ನಾನು ತಲೆಯಾಡಿಸಿದೆ, ಎರಡು ಖಾನೆ ಎಳೆದು ನೋಡಿದೆ, ಇಲ್ಲ ಎಂದೆ. ವಿಮಾನ ಎಂದ ಕೂಡಲೇ ನನಗೆ ಪುಕುಪುಕು ಎಂದಿತ್ತು. ಮೂರನೆಯ ಖಾನೆಗೆ ಕೈ ಹಾಕಲಿಲ್ಲ.

ಮರುದಿನ ಆಕೆ ಬ್ರೇಕನ್ನೇ ಬಿಚ್ಚಿಸಿ, ಡೀಸೆಲ್‌ನಲ್ಲಿ ತೊಳೆಸಿ, ಶಾಲೆಯ ಡ್ರೈವರ್ ದುರುಗೇಶನ ಕೈಯಲ್ಲಿ ಮಸ್ಕಿಗೆ ಕಳಿಸಿದಳಂತೆ. ಉಸ್ಮಾನ್ ಒಂದು ವಾರ ಬೇರೆ ಕೆಲಸ ಮುಟ್ಟಲಿಲ್ಲ. ಲಿಂಗಸುಗೂರಿನ ಗುಜರಿಗಳನ್ನೆಲ್ಲ ಜಾಲಾಡಿದ. ಕಡೆಗೆ ಒಂದು ಹಳೆಯ ಜೀಪಿನ ಲೈನಿಂಗ್ ತಂದು, ಕತ್ತರಿಸಿ, ಅರದಿಂದ ತಿಕ್ಕಿ, ಉಸ್ತಾದನ ಸುತ್ತಿಗೆಯಿಂದ ತಾಮ್ರದ ರಿವೆಟ್ ಬಡಿದು ಕೂರಿಸಿದ. ಸುದ್ದಿ ಸಿಂಧನೂರಿಗೆ ಬಂತು. ಗಂಜ್ ಮಾರುಕಟ್ಟೆಯಲ್ಲಿ, ಚಹಾದಂಗಡಿಯಲ್ಲಿ, ಎಲ್ಲೆಡೆ ವಿಮಾನದ ಉಸ್ಮಾನ್‌ಸಾಬ್, ವಿಮಾನದ ಉಸ್ಮಾನ್‌ಸಾಬ್. ನನ್ನ ಹೆಂಡತಿ ಕಸ್ತೂರೆಮ್ಮ ಕೂಡ ರೊಟ್ಟಿ ಬಡಿಯುತ್ತ, ನಿಮ್ಮ ದೋಸ್ತ ಭಾರಿ ಮನುಷ್ಯ ನೋಡ್ರಿ ಎಂದಳು. ಅವತ್ತು ನಾನು ಅರ್ಧ ರೊಟ್ಟಿ ಬಿಟ್ಟು ಎದ್ದೆ. ಹೊಟ್ಟೆಕಿಚ್ಚು ಎಂದು ಯಾರಾದರೂ ಅನ್ನಲಿ, ಹೌದು, ಹೊಟ್ಟೆಕಿಚ್ಚೇ.

ಮಂಗಳವಾರ ಅವನೇ ಅಂಗಡಿಗೆ ಬಂದ. ಬೆಂಕಿಪೊಟ್ಟಣದಲ್ಲಿ ಸವೆದ ರಿಂಗನ್ನಿಟ್ಟುಕೊಂಡು ಬಂದಿದ್ದ.

"ಲೇ ಅಮರಾ, ಇದರ ಅಳತೀವು ಎರಡು ಬ್ರೇಕ್ ವಾಸರ್ ಕೊಡೋ" ಎಂದ.

ನಮ್ಮ ಕಡೆ ದುಂಡಗಿರುವ ರಬ್ಬರೆಲ್ಲ ವಾಸರ್. ಬ್ರೇಕಿನಲ್ಲಿ ಕೂರುವುದು ಬ್ರೇಕ್ ವಾಸರ್, ಟ್ರ್ಯಾಕ್ಟರ್ ಲಿಫ್ಟಿನಲ್ಲಿ ಕೂರುವುದು ಲಿಫ್ಟ್ ವಾಸರ್. ಹುಟ್ಟಿದಾಗಿನಿಂದ ಕಾರು ಜೀಪು ನೋಡಿದವನಿಗೆ ಬ್ರೇಕ್ ಎಂದರೆ ಬ್ರೇಕ್ ಆಯಿಲ್ ಬಿಟ್ಟು ಇನ್ನೇನು ಹೊಳೆಯಬೇಕು? ಕೆಂಪು ಎಣ್ಣೆಯ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ, ತೊಳೆದು ಬಂದ ಬ್ರೇಕಿನಲ್ಲಿ ಎಣ್ಣೆಯ ಬಣ್ಣವೂ ಉಳಿದಿರಲಿಲ್ಲ. ಮೂರನೆಯ ಖಾನೆ ಎಳೆದೆ. ಆ ಅಳತೆಯವು ಎರಡೂ ನಮೂನೆ ಅಲ್ಲಿದ್ದವು, ಎರಡೂ ಕರ್ರಗೆ, ನೋಡಲು ಒಂದೇ. ಕೆಂಪು ಎಣ್ಣೆಯಲ್ಲಿ ಬಾಳುವುದು ಲಿಫ್ಟಿನದು. ಕಾರಿನದಕ್ಕೆ ಕೆಂಪು ಎಣ್ಣೆ ತಾಗಿದರೆ ಉಬ್ಬಿಕೊಳ್ಳುತ್ತದೆ. ಉಬ್ಬಿದರೆ ಬ್ರೇಕು ಹಿಡಿದದ್ದನ್ನು ಬಿಡುವುದಿಲ್ಲ. ನನಗೆ ಗೊತ್ತಿತ್ತು. ಬ್ರೇಕ್ ವಾಸರ್ ಕೇಳಿದ, ಬ್ರೇಕ್ ವಾಸರ್ ಕೊಟ್ಟೆ. ಚಹಾ ಕೂಡ ಕುಡಿಸಿ ಕಳಿಸಿದೆ.

ಒಮ್ಮೆ, ಒಂದೇ ಒಂದು ಸಲ, ಅವನ ಕೈಗುಣ ಕೆಡಲಿ. ನನಗೆ ಬೇಕಿದ್ದದ್ದು ಅಷ್ಟೇ. ಬ್ರೇಕು ಕಚ್ಚಿಕೊಂಡು ವಿಮಾನ ನಿಂತಲ್ಲೇ ನಿಲ್ಲಲಿ, ಜನ ನಗಲಿ, ಮೇಡಂ ನನ್ನ ಅಂಗಡಿಗೆ ಮತ್ತೆ ಬರಲಿ.

ಗುರುವಾರ ಅವನ ಫೋನು ಬಂತು. ಬುಧವಾರವೇ ಎರಡೂ ಗಾಲಿಗೆ ಕೂರಿಸಿ ಆಗಿತ್ತು, ಎಣ್ಣೆಯನ್ನು ಶಾಲೆಯವರೇ ತುಂಬಿದ್ದರು. ನಾಳೆ ಮೇಡಂ ಓಡಿಸುತ್ತಾಳೆ, ಪಕ್ಕದ ಸೀಟಿನಲ್ಲಿ ತಾನು ಕೂರುತ್ತೇನೆ, ನೀನೂ ಬಾ ಎಂದ. ವಿಮಾನದೊಳಗೆ ಕೂರುತ್ತಾನಂತೆ! ಅದಕ್ಕೂ ನನ್ನ ಹೊಟ್ಟೆ ಉರಿಯಿತು. ಉರಿ ತಣ್ಣಗಾದ ಮೇಲೆ ಬೇರೊಂದು ಲೆಕ್ಕ ತಲೆಗೆ ಹತ್ತಿತು. ಎರಡು ಗಾಲಿಯಲ್ಲಿ ಒಂದೇ ಕಚ್ಚಿಕೊಂಡರೆ ವಿಮಾನ ನಿಲ್ಲುವುದಿಲ್ಲ, ಗರ್ರನೆ ಒಂದು ಕಡೆಗೆ ತಿರುಗುತ್ತದೆ. ಮುಂದೆ ಫ್ಯಾನು ತಿರುಗುತ್ತಿರುತ್ತದೆ, ಸುತ್ತ ಜನ ನಿಂತಿರುತ್ತಾರೆ.

ಶುಕ್ರವಾರ ಬೆಳಿಗ್ಗೆ ಎರಡು ಲಿಫ್ಟ್ ವಾಸರ್ ಕಿಸೆಗೆ ಹಾಕಿಕೊಂಡು ಬಸ್ ಹತ್ತಿದೆ. ಹೇಳುತ್ತೇನೆಂದು ಇನ್ನೂ ನಿಶ್ಚಯ ಮಾಡಿರಲಿಲ್ಲ, ಸುಳ್ಳು ಯಾಕೆ ಬರೆಯಲಿ. ಮಸ್ಕಿಯಲ್ಲಿ ಉಸ್ಮಾನನ ಹೆಂಡತಿ ಖಾಸಿಂಬೀ ಹತ್ತಿದಳು. ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟಿದ್ದಳು, ಕೈಯಲ್ಲಿ ಬುತ್ತಿ. ನನ್ನ ಹಿಂದಿನ ಸೀಟಿನಲ್ಲಿ ಕೂತು ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡಳು.

"ನನಗ ಭಾಳ ಹೆದರಿಕಿ ಆಗಿತ್ರೀ ಅಣ್ಣಾರ" ಎಂದಳು. "ಒಳಗ ಕುಂದರಬ್ಯಾಡ್ರೀ ಅಂದೆ. ವಾಸರ್ ಅಮರಗುಂಡಪ್ಪ ಕೊಟ್ಟಾನ, ಹೆದರಬ್ಯಾಡ ಅಂದ್ರು."

ಸಂತೆಕಲ್ಲೂರು ಬರುವವರೆಗೆ ನಾನು ಕಿಟಕಿಯ ಹೊರಗೆ ಜೋಳದ ಹೊಲ ನೋಡಿದೆ. ಶಾಲೆಯ ಗೇಟಿನಲ್ಲಿ ಇಳಿದವನು ಆಕೆಯನ್ನೂ ಕಾಯದೆ ಓಡಿದೆ.

ಅಂಗಳದಲ್ಲಿ ಬಿಳಿಯ ವಿಮಾನ ನಿಂತಿತ್ತು, ಎರಡೂ ಬದಿಗೆ ಹಗ್ಗ ಕಟ್ಟಿ ಜನರನ್ನು ನಿಲ್ಲಿಸಿದ್ದರು. ಮೇಡಂ ಮತ್ತು ಉಸ್ಮಾನ್ ಒಳಗೆ ಕೂತಿದ್ದರು, ಎಂಜಿನ್ ಇನ್ನೂ ಚಾಲೂ ಆಗಿರಲಿಲ್ಲ. ನಾನು ಹಗ್ಗ ನುಸುಳಿ ಫ್ಯಾನಿನ ಮುಂದೆ ಎರಡೂ ಕೈ ಎತ್ತಿ ನಿಂತೆ. ಜನ ನಕ್ಕರು. ಉಸ್ಮಾನ್ ಇಳಿದು ಬಂದ, ಹಿಂದೆಯೇ ಮೇಡಂ. ವಾಸರ್ ತಪ್ಪಿದೆ, ಕೆಂಪು ಎಣ್ಣೆಗೆ ಅದು ನಡೆಯುವುದಿಲ್ಲ, ಇಗೋ ಸರಿಯಾದದ್ದು ಎಂದು ಕೈ ಚಾಚಿದೆ. ಮೇಡಂ ಗಾಲಿಗಳನ್ನು ನೆಲದಿಂದ ಎತ್ತಿಸಿ, ಬ್ರೇಕ್ ಒತ್ತಿ ಬಿಟ್ಟಳು. ಕೈಯಿಂದ ತಳ್ಳಿದರೆ ಬಲಗಡೆಯ ಗಾಲಿ ತಿರುಗಿತು. ಎಡಗಡೆಯದು ತಿರುಗಲಿಲ್ಲ. ಆಕೆ ನನ್ನ ಕಡೆ ತಿರುಗಿದಳು.

"ನಾ ನಿಮಗ ಹೇಳಿದ್ದೆನಲ್ರೀ, ಕೆಂಪು ಎಣ್ಣಿ ಅಂತ?" ಎಂದಳು ನನಗೆ.

ಉಸ್ಮಾನ್ ನನ್ನನ್ನು ನೋಡಿದ. "ಮಂಗಳವಾರ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು" ಎಂದೆ.

ಬಯ್ಯುತ್ತಾನೆಂದು ಕಾದೆ. ಬಯ್ಯಲಿಲ್ಲ. ನನ್ನ ಕೈಯಿಂದ ಎರಡು ವಾಸರ್ ತೆಗೆದುಕೊಂಡ, ಗಾಜಿನ ಲೋಟವೊಂದನ್ನು ತರಿಸಿದ, ಕೆಂಪು ಎಣ್ಣೆ ಸುರಿದು ಎರಡನ್ನೂ ಅದರಲ್ಲಿ ಮುಳುಗಿಸಿದ. ಇವು ಉಬ್ಬುತ್ತವೋ ಇಲ್ಲವೋ ಎರಡು ದಿನ ನೋಡಿ ಆಮೇಲೆ ಕೂರಿಸುತ್ತೇನೆ ಎಂದು ಮೇಡಂಗೆ ಹೇಳಿದ. ಇವು ಸರಿಯಾದವೇ, ನಾನು ಹೇಳುತ್ತಿದ್ದೇನಲ್ಲ ಎಂದೆ.

"ನೀ ಹೇಳಾಕತ್ತೀ, ಅದಕ್ಕ ನೋಡ್ತೀನಿ" ಎಂದ.

ಬಂದ ಜನಕ್ಕೆ ಚಹಾ ಕೊಟ್ಟು ಕಳಿಸಿದರು. ಸೋಮವಾರ ವಿಮಾನ ಓಡಿತು, ನಿಲ್ಲಬೇಕಾದಲ್ಲಿ ನಿಂತಿತು, ಅವನ ಹೆಸರು ಲಿಂಗಸುಗೂರಿನವರೆಗೂ ಹೋಯಿತು. ನನ್ನ ಸುದ್ದಿಯನ್ನು ಅವನು ಯಾರಿಗೂ ಹೇಳಿಲ್ಲ, ಅವತ್ತು ಹಗ್ಗದಾಚೆ ನಿಂತಿದ್ದ ಖಾಸಿಂಬೀಗೆ ಕೂಡ. ಆಕೆ ಇವತ್ತಿಗೂ ನನ್ನನ್ನು ಅಣ್ಣಾರ ಎಂದೇ ಕರೆಯುತ್ತಾಳೆ.

ಉಸ್ಮಾನ್ ಇನ್ನೂ ನನ್ನ ಅಂಗಡಿಗೇ ಬರುತ್ತಾನೆ. ಬೇರೆ ಅಂಗಡಿಗೆ ಹೋಗಿದ್ದರೆ ಬಯ್ದುಕೊಂಡಾದರೂ ಇರುತ್ತಿದ್ದೆ. ಬರುತ್ತಾನೆ, ಚಹಾ ಕುಡಿಯುತ್ತಾನೆ, ಮನೆಯವರನ್ನೆಲ್ಲ ವಿಚಾರಿಸುತ್ತಾನೆ. ಆಮೇಲೆ ನಾನು ಕೊಟ್ಟ ಪೊಟ್ಟಣಗಳನ್ನು ನನ್ನೆದುರೇ ಒಂದೊಂದಾಗಿ ಬಿಚ್ಚಿ, ಬೆಳಕಿಗೆ ಹಿಡಿದು ನೋಡುತ್ತಾನೆ. ನಾನು ಬೀದಿ ನೋಡುತ್ತ ನಿಂತಿರುತ್ತೇನೆ.