ಮೇಲ್ಗಡೆ ಕಾಲು

ಅವತ್ತು ಬೆಳಿಗ್ಗೆ ಮಾಡಿದ್ದು: ಜಿಂಕೆಗಳ ನೀರಿನ ತೊಟ್ಟಿ ತಿಕ್ಕಿದೆ, ಎರಡು ಹೊರೆ ಹುಲ್ಲು ಕೊಚ್ಚಿದೆ, ಮಂಗಗಳಿಗೆ ಸಿಹಿಗುಂಬಳ ಹೆಚ್ಚಿದೆ, ಮುಳ್ಳುಹಂದಿ ಗೂಡಿನ ಚಿಲಕಕ್ಕೆ ಎಣ್ಣೆ ಬಿಟ್ಟೆ. ಕಡವೆಗೆ ಏನೂ ಹಾಕಲಿಲ್ಲ, ಅದೂ ಒಂದು ಕೆಲಸವೇ. ಆಪರೇಷನ್ ಅಂತ ಹಿಂದಿನ ದಿನದಿಂದ ಅದು ಉಪವಾಸ. ನನ್ನ ಬುಟ್ಟಿ ಕಂಡಾಗಲೆಲ್ಲ ಬೇಲಿಗೆ ಮೂತಿ ತಾಗಿಸಿ ನಿಲ್ಲುತ್ತಿತ್ತು. ಕಂಡೂ ಕಾಣದವಳ ಹಾಗೆ ದಾಟಿ ಹೋಗುವುದು ಹುಲ್ಲು ಕೊಚ್ಚುವುದಕ್ಕಿಂತ ಕಷ್ಟವಾಯಿತು.

ನಾನು ಪ್ರಾಣಿ ನೋಡಿಕೊಳ್ಳುವ ಕೆಲಸಕ್ಕಿರುವ ಸಣ್ಣ ಮೃಗಾಲಯ ಕಾಫಿ ತೋಟಗಳ ನಡುವೆ, ಗುಡ್ಡದ ಇಳಿಜಾರಿನಲ್ಲಿದೆ. ಅಲ್ಲಿನ ಹೆಣ್ಣು ಕಡವೆಗೆ ಒಂದು ಹಿಂಗಾಲಿನ ಮಂಡಿಚಿಪ್ಪು ನಡೆಯುವಾಗ ಮೇಲೇರಿ ಸಿಕ್ಕಿಕೊಳ್ಳುತ್ತಿತ್ತು. ಕಾಲು ಕೋಲಿನಂತೆ ಹಿಂದಕ್ಕೆ ಸೆಟೆಯುತ್ತಿತ್ತು. ನಾಲ್ಕು ಹೆಜ್ಜೆ ಎಳೆದುಕೊಂಡು ಹೋದಮೇಲೆ ಚಿಪ್ಪು ಜಾರಿ ಕೆಳಗಿಳಿದರೆ ಏನೂ ಆಗದ ಹಾಗೆ ನಡೆಯುತ್ತಿತ್ತು.

"ಮಳೆ ಹಿಡಿಯೋದ್ರೊಳಗೆ ಮಾಡ್ಬೇಕು," ಅಂದಿದ್ದರು ಡಾಕ್ಟ್ರು. "ಈ ಇಳಿಜಾರಲ್ಲಿ ಜಾರಿ ಮೂಳೆ ಮುರಿದ್ರೆ, ಆಮೇಲೆ ಸೂಜಿ ಕೊಟ್ಟು ಪೂರ್ತಿ ಮಲಗಿಸೋದೊಂದೇ ದಾರಿ."

ಅವರು ಕಡೂರು ಕಡೆಯ ಬಯಲಿನವರು. ಎತ್ತು, ಎಮ್ಮೆಗಳಿಗೆ ಈ ಆಪರೇಷನ್ ಎಷ್ಟೋ ಮಾಡಿದ್ದರು, ಕಡವೆಗೆ ಇದೇ ಮೊದಲು. ಅವರು ನೋಡಲು ಬಂದಾಗಲೆಲ್ಲ ನಮ್ಮ ಕಡವೆ, ಹೆಣ್ಣು ನೋಡಲು ಬಂದವರ ಮುಂದೆ ನಡೆದ ಹಾಗೆ, ನೆಟ್ಟಗೆ ನಡೆದು ತೋರಿಸುತ್ತಿತ್ತು. ಹಾಗಾಗಿ ನಾನು ದಿನಾ ಬರೆದಿಡುತ್ತಿದ್ದ ಪುಸ್ತಕವನ್ನೇ ಅವರು ನಂಬಬೇಕಾಯಿತು.

ಒಂಬತ್ತು ಗಂಟೆಗೆ ಊದುಕೊಳವೆಯಿಂದ ಮದ್ದಿನ ಸೂಜಿ ಹಾರಿಸಿದರು. ಕಡವೆ ತೂರಾಡಿ, ಕೂತು, ಬಲಮಗ್ಗುಲಿಗೆ ಮಲಗಿತು. ಕಣ್ಣಿಗೆ ಬಟ್ಟೆ ಕಟ್ಟಿದೆವು, ಕುತ್ತಿಗೆಯ ಕೆಳಗೆ ಹುಲ್ಲಿನ ಮೂಟೆ ಇಟ್ಟೆವು. ಡಾಕ್ಟ್ರು ನನ್ನ ಪುಸ್ತಕ ತಿರುವಿದರು.

"ಮೇಲ್ಗಡೆ ಕಾಲು ಅಂತ ಬರೆದಿದೀರ. ಸರಿ, ಚಿಪ್ಪನ್ನ ಹಿಡಿದಿರೋ ಪಟ್ಟಿ ನಾನು ಕೊಯ್ಯೋದು, ಅದು ಮಂಡಿಯ ಒಳಮಗ್ಗುಲಲ್ಲಿರೋದು. ಮೇಲಿರೋ ಕಾಲು ಕೆಳಗೆ ಬರ್ಬೇಕು, ಆಗ್ಲೇ ಒಳಮಗ್ಗುಲು ಕೈಗೆ ಸಿಗೋದು. ಎಲ್ರೂ ಹಿಡ್ಕೊಂಡು ಹೊರಳಿಸಿ."

ಬಾಳೂರಿನ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದು ಈಗ ನಮ್ಮ ಜೊತೆ ಕೆಲಸಕ್ಕಿರುವವರು ಮುಂಗಾಲು ಹಿಡಿದರು. "ಜನ್ಮವೆಲ್ಲ ಮಲಗಿದ್ದ ಆಳುಗಳನ್ನ ಎಬ್ಬಿಸಿದ್ದಾಯ್ತು. ಮಗ್ಗುಲು ಬದಲಿಸಿ ಮಲಗಿಸೋದು ಇದೇ ಮೊದ್ಲು ಮಾರಾಯ್ರೇ."

ಎಲ್ಲರೂ ನಕ್ಕರು. ನಾನೂ ಹಿಂಗಾಲಿಗೆ ಕೈ ಹಾಕಿದ್ದೆ. ಆಗ ಕೈ ಹಿಂದಕ್ಕೆ ತೆಗೆದೆ.

"ಹೊರಳಿಸ್ಬೇಡಿ," ಅಂದೆ.

"ಮೇಲ್ಗಡೆ ಅಂತ ನೀವೇ ಬರೆದಿದೀರಲ್ಲಮ್ಮ?"

"ಅದು ಗುಡ್ಡದ ಮೇಲ್ಗಡೆ ಡಾಕ್ಟ್ರೇ. ಮಲಗಿದ್ದರ ಮೇಲ್ಗಡೆ ಅಲ್ಲ."

ನಮ್ಮ ಕಡೆ ಎಡ ಬಲ ಅನ್ನುವವರು ಕಡಿಮೆ. ಮನೆ ಮೇಲ್ಗಡೆ, ಗದ್ದೆ ಕೆಳಗಡೆ. ಬಸ್ಸಿನ ಸೀಟಿನಲ್ಲೂ "ಸ್ವಲ್ಪ ಮೇಲ್ಗಡೆ ಸರ್ಕೊಳ್ಳಿ" ಅನ್ನುತ್ತೇವೆ. ಕಡವೆ ದಿನಾ ಮೇವಿನ ಬಾನಿಯ ಮುಂದೆ ಗುಡ್ಡಕ್ಕೆ ಒಂದೇ ಮಗ್ಗುಲು ಕೊಟ್ಟು ನಿಂತು ತಿನ್ನುತ್ತಿದ್ದುದರಿಂದ ಹಾಗೆ ಬರೆದರೆ ಸಾಕೆಂದುಕೊಂಡಿದ್ದೆ.

"ಹಾಗಾದ್ರೆ ಎಡನೋ ಬಲನೋ?"

ಬಾನಿಯ ಹತ್ತಿರ ಹೋಗಿ, ಕಡವೆ ನಿಲ್ಲುವ ಹಾಗೆ ಬಗ್ಗಿ ನಿಂತೆ.

"ಒಂದೆರಡು ಎಳೆ ಹುಲ್ಲೂ ತಿಂದು ತೋರ್ಸಿ ಅಕ್ಕಾ," ಅಂದರು ಮೇಸ್ತ್ರಿ.

ಗುಡ್ಡ ನನ್ನ ಬಲಗೈ ಕಡೆ ಇತ್ತು. "ಬಲ," ಅಂದೆ.

ಡಾಕ್ಟ್ರು ನಗಲಿಲ್ಲ. "ಕೊಯ್ದ ಪಟ್ಟಿ ಮತ್ತೆ ಜೋಡ್ಸೋಕಾಗಲ್ಲ. ಬೇರೆ ಗುರುತು ಇದ್ರೆ ಹೇಳಿ."

"ಗೊರಸು ನೋಡಿ. ಎಳೆದ ಕಾಲಿನ ತುದಿ ಸವೆದಿರ್ಬೇಕು."

ಎರಡೂ ಗೊರಸಿನ ಮೇಲೆ ಬೆರಳಾಡಿಸಿದರು. ಮೇಲಿದ್ದ ಎಡಗಾಲಿನದು ಚೂಪಾಗಿತ್ತು. ಅಡಿಯಲ್ಲಿದ್ದ ಬಲಗಾಲಿನದು ಬರೆದು ಬರೆದು ಸವೆದ ಬಳಪದ ಹಾಗೆ ಮೊಂಡಾಗಿತ್ತು. ಡಾಕ್ಟ್ರು ನನ್ನ ಮುಖ ನೋಡಿ, ಬಲ ಮಂಡಿಯ ಒಳಗಡೆ ಕೂದಲು ಬೋಳಿಸತೊಡಗಿದರು.

ಕೊಯ್ದಿದ್ದು ಹೆಬ್ಬೆರಳಿನ ಅಗಲದಷ್ಟು. ಒಳಗೆ ಚಾಕುವಿನ ತುದಿ ತಿರುಗಿಸಿದಾಗ ಬಿಗಿದಿದ್ದ ಪಟ್ಟಿ ಸಡಿಲಾದದ್ದು ಅವರ ಭುಜ ಇಳಿದದ್ದರಲ್ಲೇ ನನಗೆ ಗೊತ್ತಾಯಿತು. "ಬಿಟ್ಕೊಳ್ತು," ಅಂದರು. ಹೊಲಿಗೆ ಹಾಕಿ, ಮಂಪರು ಇಳಿಯುವ ಮದ್ದು ಕೊಟ್ಟು, ಎಲ್ಲರೂ ಬೇಲಿಯಾಚೆ ನಿಂತೆವು.

ಕಡವೆ ಕಿವಿ ಆಡಿಸಿತು. ಎದ್ದಿತು. ಒಂದು ಹೆಜ್ಜೆ. ಬಲಗಾಲು ಮಡಚಿತು, ಮುಂದಕ್ಕೆ ಬಂತು. ಇನ್ನೊಂದು. ನಾಲ್ಕು, ಐದು, ಆರು. ಆರನೆಯದಾದ ಮೇಲೆ ಎಣಿಸುವುದನ್ನು ಬಿಟ್ಟೆ. ಇಳಿಜಾರಿನಲ್ಲಿ ಕೆಳಗೆ ಹೋಗದೆ ಅದು ನೇರ ಗುಡ್ಡ ಹತ್ತಿತು. ತುದಿಯ ನೇರಳೆ ಮರದ ಬುಡದವರೆಗೆ ಒಮ್ಮೆಯೂ ಕಾಲು ಸೆಟೆಯಲಿಲ್ಲ. ಅಲ್ಲಿಂದ ತಿರುಗಿ ನಮ್ಮನ್ನೆಲ್ಲ ನೋಡಿತು.

"ಎತ್ತಿಗಿಂತ ಚೆನ್ನಾಗಿ ಬಂತು ಕಣಮ್ಮ," ಅಂದರು ಡಾಕ್ಟ್ರು. ಮೇಸ್ತ್ರಿ ತಲೆವಸ್ತ್ರದಿಂದ ಕಣ್ಣೊರೆಸಿಕೊಂಡು, ಬಿಸಿಲು ಅಂದರು. ಆವತ್ತು ಮೋಡವಿತ್ತು.

ಮಂಪರು ಪೂರ್ತಿ ಇಳಿದ ಮೇಲೆ, ಸಂಜೆಗೆ ಕಡವೆಗೆ ಎಳೆ ಹಲಸಿನ ಸೊಪ್ಪು ಹಾಕಿದೆ. ಒಂದೆಲೆ ಬಿಡದೆ ತಿಂದಿತು. ಮನೆಯಲ್ಲಿ ಅಕ್ಕಿ ರೊಟ್ಟಿ, ಉಪ್ಪಿನಲ್ಲಿಟ್ಟಿದ್ದ ಕಳಲೆಯ ಪಲ್ಯ ಮಾಡಿದೆ. ನಮ್ಮೆಜಮಾನರಿಗೆ ಊಟದಲ್ಲೇ ಎಲ್ಲ ಹೇಳಲು ಶುರುಮಾಡಿ, ಹಾಸಿಗೆಯಲ್ಲೂ ಮುಂದುವರಿಸಿದೆ. ಗೊರಸಿನ ವಿಷಯಕ್ಕೆ ಬರುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿತ್ತು. ಕಡವೆ ಗುಡ್ಡ ಹತ್ತಿದ ಭಾಗವನ್ನು ಅವರಿಗೆ ಕೇಳಿಸದಿದ್ದರೂ ಪೂರ್ತಿ ಹೇಳಿ ಮುಗಿಸಿಯೇ ನಾನು ಮಲಗಿದೆ.