ಬಾಣಂತಿ ಕೋಣೆಯ ಏಸಿ

ಬೈಲಹೊಂಗಲದ ನಮ್ಮ ಮನೆಗೆ ಏಸಿ ಬಂದದ್ದು ನನ್ನ ಬಾಣಂತನದ ನೆಪದಲ್ಲಿ. ನೆಪ ಎಂದೆ, ಏಕೆಂದರೆ ಅಪ್ಪನ ಕಣ್ಣು ಅದರ ಮೇಲೆ ಬಿದ್ದದ್ದು ಮಾರ್ಕೆಟ್ ಯಾರ್ಡಿನಲ್ಲಿ ತನ್ನ ಅಂಗಡಿಯ ಪಕ್ಕದ ಅಡತಿ ಅಂಗಡಿಯವರು ತಮ್ಮ ಗದ್ದುಗೆಯ ಮೇಲೆ ಒಂದನ್ನು ಹಾಕಿಸಿದ ದಿನವೇ. ತನಗೆ ಬೇಕು ಎನ್ನಲು ದೊಡ್ಡ ಮನುಷ್ಯರಿಗೆ ನಾಚಿಕೆ. ಅಷ್ಟರಲ್ಲಿ ನಾನು ಚೊಚ್ಚಲ ಹೆರಿಗೆಗೆಂದು ರಾಮದುರ್ಗದ ಗಂಡನ ಮನೆಯಿಂದ ಬಂದೆ, ಕಡು ಬೇಸಿಗೆಯಲ್ಲಿ ಹೆತ್ತೆ, ಕೂಸು ತೂಕ ಕಡಿಮೆ ಹುಟ್ಟಿತು. ಧಾರವಾಡದ ಡಾಕ್ಟರು ಮನೆಗೆ ಕಳಿಸುವಾಗ "ಕೂಸು ಭಾಳ ಸಣ್ಣದೈತಿ, ಶಕಿ ಆಗದಂಗ ನೋಡ್ಕೋರಿ" ಎಂದರು. ಅಪ್ಪನಿಗೆ ಅಷ್ಟೇ ಸಾಕಿತ್ತು. ನಾವು ಮನೆ ಮುಟ್ಟುವ ಮೊದಲೇ ಏಸಿ ಗೋಡೆ ಏರಿತ್ತು.

ಅವ್ವ ಅದಕ್ಕೆ ವಿಭೂತಿ ಬಳಿದು, ಹೂವಿನ ಮಾಲೆ ಹಾಕಿ, ಕಾಯಿ ಒಡೆದಳು. ಅದರ ಮೈಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೀಳಬಾರದೆಂದು ಅಪ್ಪನ ಅಪ್ಪಣೆಯಾಯಿತು. ಮುಚ್ಚಳ ತೆಗೆಯುವುದಂತೂ ದೂರದ ಮಾತು. "ಕಂಪನಿ ಮಂದಿ ಬಿಟ್ಟು ಬ್ಯಾರೆ ಯಾರೂ ಕೈ ಹಚ್ಚಬಾರದು. ಗ್ಯಾರಂಟಿ ಹೋಗತೈತಿ" ಎಂದು ಮನೆ ಮಂದಿಗೆಲ್ಲ ತಾಕೀತು ಮಾಡಿದ. ಕೂಸನ್ನು ಮಾತ್ರ ಬಂದವರೆಲ್ಲ ಎತ್ತಿಕೊಳ್ಳಬಹುದಾಗಿತ್ತು, ಮುದ್ದಿಡಬಹುದಾಗಿತ್ತು, ಅದಕ್ಕೇನೂ ಗ್ಯಾರಂಟಿ ಇರಲಿಲ್ಲವಲ್ಲ.

ಇನ್ನು ಅವ್ವನ ಪಕ್ಷ. ಆಕೆ ದೊಡವಾಡದವಳು. ಬಾಣಂತನವೆಂದರೆ ಶೆಗಡಿ, ಶೆಗಡಿಯೆಂದರೆ ಬಾಣಂತನ ಎಂದು ನಂಬಿದವಳು. ಕಬ್ಬಿಣದ ಬೋಗುಣಿಯಂಥ ಆ ಶೆಗಡಿಯಲ್ಲಿ ಸಗಣಿ ಕುಳ್ಳಿನ ಕೆಂಡ ಮಾಡಿ, ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸಿ ನನ್ನ ಹೊರಸಿನ ಕೆಳಗೆ ತಳ್ಳುತ್ತಿದ್ದಳು. ಕೂಸಿನ ತೊಟ್ಟಿಲಿಗೂ ಹೊತ್ತು ಹೊತ್ತಿಗೆ ಹೊಗೆಯ ಸೇವೆ ಸಲ್ಲುತ್ತಿತ್ತು. ಮೇಲಿನಿಂದ ಅಪ್ಪನ ಥಂಡಿ, ಕೆಳಗಿನಿಂದ ಅವ್ವನ ಕಾವು, ನಡುವೆ ನಾನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಈ ಇಬ್ಬರಿಗೆ ಇಷ್ಟು ವರ್ಷದ ಸಂಸಾರದಲ್ಲಿ ಒಂದೇ ಒಂದು ವಿಷಯದಲ್ಲಿ ಒಮ್ಮತ ಮೂಡಿತು: ಕಿಟಕಿ ಮುಚ್ಚಬೇಕು. ತಂಪು ಹೊರಗೆ ಹೋಗುತ್ತದೆಂದು ಅಪ್ಪ ಮುಚ್ಚಿದ. ಗಾಳಿ ಒಳಗೆ ಬರುತ್ತದೆಂದು ಅವ್ವ ಸಂದಿಗೆಲ್ಲ ಹಳೆಯ ಸೀರೆ ತುರುಕಿದಳು.

ನನ್ನ ಮಾತು ಯಾರು ಕೇಳಬೇಕು? ನನ್ನ ಕಿವಿಗೆ ಹತ್ತಿ, ಹತ್ತಿಯ ಮೇಲೆ ಸ್ಕಾರ್ಫು, ಸ್ಕಾರ್ಫಿನ ಮೇಲೆ ದುಪ್ಪಡಿ. ಬಾಯಿ ಇದ್ದದ್ದು ಅಂಟಿನುಂಡಿ ತಿನ್ನಲು ಮಾತ್ರ. ಆದರೂ ಒಮ್ಮೆ, "ಯವ್ವಾ, ಹೊಗಿ ಭಾಳ ಆತು, ತಲಿ ಸಿಡ್ಯಾಕತ್ತೈತಿ" ಎಂದೆ.

"ನೀನೂ ಇದ ಹೊಗ್ಯಾಗ ಬೆಳದಾಕಿ. ಸತ್ತೇನು?" ಎಂದಳು.

"ಆವಾಗ ದೊಡವಾಡದಾಗ ಮಣ್ಣಿನ ಮಾಳಗಿ ಇತ್ತು, ಬೆಳಕಿಂಡಿ ಇತ್ತು. ಹೊಗಿ ಮ್ಯಾಲ ಹೋಗತಿತ್ತು. ಇದು ಸ್ಲ್ಯಾಬ್ ಮನಿ. ಇಲ್ಲಿ ಎಲ್ಲಿ ಹೋಗಬೇಕ ಅದು?"

"ಬಾಣಂತಿ ಭಾಳ ಮಾತಾಡಬಾರದು ತಂಗಿ, ವಾಯು ಆಗತೈತಿ. ಸುಮ್ಮನ ಮಲಕೋ."

ಅಲ್ಲಿಗೆ ನನ್ನ ವಾದ ಮುಗಿಯಿತು.

ಕೂಸು ನೋಡಲು ಜನ ಬರುತ್ತಿದ್ದರು, ಎಂದರೆ ಏಸಿ ನೋಡಲು. ಕೂಸಿಗೆ ಒಂದು ಝಬಲಾ ಇಟ್ಟು, "ಅಪ್ಪನಂಗೈತಿ" ಎಂದು ಒಂದು ಮಾತು ಎಸೆದು, ಬಿಸಿಲು ಇಳಿಯುವ ತನಕ ಏಸಿ ಕೆಳಗೆ ಕೂತು ಎದ್ದು ಹೋಗುತ್ತಿದ್ದರು. ರಾಮದುರ್ಗದಿಂದ ಬಂದ ನನ್ನ ಅತ್ತೆ ಸಹ ಮೊಮ್ಮಗಳ ಮುಖಕ್ಕಿಂತ ರಿಮೋಟನ್ನೇ ಹೆಚ್ಚು ಹೊತ್ತು ಹಿಡಿದುಕೊಂಡಿದ್ದರು. ಊರಿಗೆ ಹೋಗಿ ವರ್ಣಿಸಲು ಅವರಿಗೂ ಸಾಮಗ್ರಿ ಬೇಕಲ್ಲ.

ಸ್ವಲ್ಪ ದಿನದಲ್ಲಿ ಏಸಿಗೆ ಮೈ ಹುಷಾರು ತಪ್ಪಿತು. ಮೊದಲು ವಾಸನೆ. ಚಾಲೂ ಮಾಡಿದ ಕೂಡಲೇ ಒದ್ದೆ ಗೋಣಿಚೀಲದ ಹಾಗೆ ಮುಗ್ಗಲು ವಾಸನೆ ಬರತೊಡಗಿತು. ಅಪ್ಪ ಮೂಗರಳಿಸಿ ಕೋಣೆಯ ಮೂಲೆ ಮೂಲೆ ಮೂಸಿದ. ಆಮೇಲೆ ಗಾಳಿ ಕಡಿಮೆಯಾಯಿತು. ಅಪ್ಪ ಸ್ಟೂಲು ಹತ್ತಿ, ನಾಡಿ ನೋಡುವ ವೈದ್ಯನಂತೆ ಏಸಿಯ ಬಾಯಿಗೆ ಅಂಗೈ ಹಿಡಿದು, "ಮೊನ್ನಿಗಿಂತ ಗಾಳಿ ಕಮ್ಮಿ ಆಗೈತಿ" ಎಂದು ಮುಖ ಸಣ್ಣದು ಮಾಡಿದ. ಮೊದಲೆಲ್ಲ ಕೋಣೆ ತಂಪಾದೊಡನೆ ಏಸಿಯ ಹೊರಗಿನ ಡಬ್ಬಿ ತಾನೇ ನಿಂತು ಸುಧಾರಿಸಿಕೊಳ್ಳುತ್ತಿತ್ತು. ಈಗ ದಿನವಿಡೀ ಗೊರಗೊರ ಓಡಿದರೂ ಕೋಣೆ ತಂಪಾಗುತ್ತಿರಲಿಲ್ಲ. ತಾಮ್ರದ ಕೊಳವೆಯ ಮೇಲೆ ಬಿಳಿ ಬರ್ಫ ಕೂತದ್ದನ್ನು ಕಂಡು ಅವ್ವ ಮಾತ್ರ ಖುಷಿಪಟ್ಟಳು. "ನೋಡ್ರಿ, ಬರ್ಫನ ಮಾಡಾಕತ್ತೈತಿ. ಇನ್ನೇನ ತಂಪ ಬೇಕ ನಿಮಗ?" ಎಂದಳು. ಅಪ್ಪ ರಿಮೋಟಿನಲ್ಲಿ ಅಂಕಿಯನ್ನು ಇನ್ನಷ್ಟು ಇಳಿಸಿದ, ಬಾಗಿಲ ಅಡಿಗೂ ಒಂದು ಗೋಣಿತಾಟು ಸಿಕ್ಕಿಸಿದ.

ಕೂಸಿಗೂ ಕೆಮ್ಮು ಶುರುವಾಗಿತ್ತು. ಅವ್ವನ ಪ್ರಕಾರ ಅದು ಏಸಿಯ ಥಂಡಿ. ಥಂಡಿಗೆ ಮದ್ದು ಕಾವು. ಹಾಗಾಗಿ ಶೆಗಡಿಗೆ ಇನ್ನೆರಡು ಕುಳ್ಳು ಜಾಸ್ತಿ ಬಿದ್ದವು. ಹೊಗೆ ಹೆಚ್ಚಾದಷ್ಟೂ ಏಸಿ ಸೋತಿತು, ಏಸಿ ಸೋತಷ್ಟೂ ಅಪ್ಪ ಸಂದಿ ಮುಚ್ಚಿದ, ಸಂದಿ ಮುಚ್ಚಿದಷ್ಟೂ ಹೊಗೆ ಒಳಗೇ ಉಳಿಯಿತು, ಉಳಿದಷ್ಟೂ ಕೂಸು ಕೆಮ್ಮಿತು. ಎತ್ತು ಗಾಣ ಸುತ್ತುವುದಕ್ಕಾದರೂ ಎಣ್ಣೆ ಬರುತ್ತದೆ, ನಮ್ಮ ಮನೆಯ ಈ ಸುತ್ತಿನಿಂದ ಬಂದದ್ದು ಬರೀ ಮಸಿ.

ಬರಬರುತ್ತ ಕೂಸು ಕೆಮ್ಮುವುದೂ ಕಡಿಮೆಯಾಯಿತು, ಅಳುವುದೂ ಕಡಿಮೆಯಾಯಿತು. ಹಾಲು ಕುಡಿಯುತ್ತಲೇ ನಿದ್ದೆ, ಎಬ್ಬಿಸಿದರೂ ನಿದ್ದೆ. "ಎಷ್ಟ ಶಾಣ್ಯಾ ಕೂಸ ನೋಡ, ಒಂದ ಸಪ್ಪಳ ಮಾಡಂಗಿಲ್ಲ" ಎಂದು ಅವ್ವ ದೃಷ್ಟಿ ತೆಗೆದಳು. ನನಗೂ ಮಂಪರು, ಎದ್ದರೆ ತಲೆ ತಿರುಗು. ಬಾಣಂತಿಗೆ ನಿದ್ದೆ ಬರಬೇಕು, ಅದು ಮೈ ತುಂಬುವ ಲಕ್ಷಣವಂತೆ. ಏಸಿಯ ಉಸಿರು ಕಡಿಮೆಯಾದರೆ ಅದು ಕೆಟ್ಟಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಕೂಸು ದನಿ ಕಳೆದುಕೊಂಡರೆ ಅದು ಶಾಣ್ಯಾ.

ಅಪ್ಪ ಮೆಕ್ಯಾನಿಕ್‌ನನ್ನು ಹುಡುಕುತ್ತಿದ್ದ. ನಮ್ಮ ಕಡೆ ಬೇಸಿಗೆಯಲ್ಲಿ ಮಂತ್ರಿ ಸಿಕ್ಕಾನು, ಏಸಿ ಮೆಕ್ಯಾನಿಕ್ ಸಿಗಲಾರ. ಫೋನು ಮಾಡಿದರೆ ಒಂದು ದಿನ ಕಿತ್ತೂರಿನ ಹೈವೇ ಧಾಬಾದಲ್ಲಿ, ಮರುದಿನ ನವಿಲುತೀರ್ಥದಲ್ಲಿ, ಅದರ ಮರುದಿನ ಸವದತ್ತಿಯ ಯಾವುದೋ ಲಾಡ್ಜಿನಲ್ಲಿ. ಕಡೆಗೆ ಅಪ್ಪ, "ಇವತ್ತ ಹಿಡಕೊಂಡ ಬರತೇನಿ" ಎಂದು ಬೈಕ್ ಏರಿ ಸವದತ್ತಿಗೆ ಹೋದ. ಮೊಮ್ಮಗಳ ಕೆಮ್ಮಿಗೆ ಇಲ್ಲೇ ಓಣಿ ತುದಿಯಲ್ಲಿದ್ದ ಡಾಕ್ಟರಲ್ಲಿಗೆ ಹೋಗಲು ಅವನಿಗೆ ಹೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಹೊಳೆದಿರಲಿಲ್ಲ, ಅಷ್ಟೇ.

ಅಂದು ಮಧ್ಯಾಹ್ನ ಏಸಿ ಒಳಗಿನಿಂದ ಕಟಕಟ ಸದ್ದು ಮಾಡಿತು. ನೀರು ಗೋಡೆಗುಂಟ ಇಳಿಯಿತು, ಆಮೇಲೆ ಬರ್ಫದ ಒಂದು ಚೂರು ನನ್ನ ಹೊರಸಿನ ಮೇಲೆ ಬಿತ್ತು. ತೊಟ್ಟಿಲು ನೆನೆಯುತ್ತದೆಂದು ಅವ್ವ ಗಾಬರಿಯಾಗಿ ಅದನ್ನು ಸರಿಸಿ, ಗುಂಡಿ ಒತ್ತಿ ಏಸಿ ಬಂದ್ ಮಾಡಿ, ಸ್ಟೂಲು ಹತ್ತಿ ಒರೆಸಹೋದಳು. ಮುಚ್ಚಳ ಕೈಗೆ ಬಂದು ಮೇಲೆದ್ದಿತು. ಗ್ಯಾರಂಟಿ ಅಲ್ಲಿಗೆ ಮುಗಿಯಿತು.

"ಅಯ್ಯ ಶಿವನ, ಕಂಪನಿಯವ್ರು ಇದಕ್ಕ ಒಳಗ ಕರೀ ಕಂಬಳಿ ಹೊಚ್ಚಿ ಕಳಸ್ಯಾರ ನೋಡ" ಎಂದಳು.

ನೋಡಿದರೆ ನಿಜಕ್ಕೂ ಕಂಬಳಿಯಂತೆಯೇ ಇತ್ತು. ಹಿಡಿದು ಎಳೆದಳು, ಹೊರಗೆ ಬಂತು. ಪ್ಲಾಸ್ಟಿಕ್ ಚೌಕಟ್ಟಿನ ಒಂದು ಜಾಳಿಗೆ. ಅವ್ವ ಬೆರಳಿನಿಂದ ಕೆರೆದು ಮೂಗಿಗೆ ಹಿಡಿದಳು. ಲೋಬಾನ, ಅಜವಾನ, ಕುಳ್ಳು. ತನ್ನ ಕೈಯಿಂದಲೇ ಉದುರಿಸಿದ್ದು ಆಕೆಗೆ ಗುರುತು ಹತ್ತದೆ ಇರುತ್ತದೆಯೇ? ಕೆಳಗಿಳಿದು ಹಿತ್ತಲಿನ ನಳದ ಕೆಳಗೆ ಹಿಡಿದಳು. ನಾನು ದುಪ್ಪಡಿ ಕಿತ್ತೆಸೆದು ಬಾಗಿಲ ತನಕ ಹೋದೆ. ಕರಿ ನೀರು ಹರಿಯಿತು, ಹರಿಯುತ್ತಲೇ ಇತ್ತು. ಕಡೆಗೆ ಜಾಳಿಗೆಯ ಸಣ್ಣ ಸಣ್ಣ ಕಣ್ಣುಗಳು ತೆರೆದವು, ಅದರ ನಿಜವಾದ ಬಣ್ಣ ಬಿಳಿ ಎಂದು ಆಗ ಗೊತ್ತಾಯಿತು.

ಅವ್ವ ಜಾಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ನಂತರ ನನ್ನ ಕಡೆ ತಿರುಗಿ, "ಇದನ್ನೇನೋ ತೊಳದ್ನಿ. ಕೂಸಿನ ಎದಿ ಹ್ಯಾಂಗ ತೊಳೀಲಿ ತಂಗಿ?" ಎಂದಳು.

ನಾನು ಒಳಗೋಡಿ, ಕಿವಿಯ ಹತ್ತಿ ಕಿತ್ತು ತೊಟ್ಟಿಲಿಗೆ ಬಾಗಿದೆ. ಪ್ರತಿ ಉಸಿರಿಗೂ ಒಂದು ಸಣ್ಣ ಸೀಟಿ, ಪ್ರತಿ ಸೀಟಿಗೂ ಪಕ್ಕೆಗಳ ನಡುವೆ ಗುಳಿ ಬೀಳುತ್ತಿತ್ತು. ತುಟಿಯ ಬಣ್ಣ ಸರಿ ಇರಲಿಲ್ಲ. ಕೂಸನ್ನು ಎತ್ತಿಕೊಂಡು ಬರಿಗಾಲಲ್ಲೇ ಎದುರುಮನೆಗೆ ಓಡಿದೆ. ಅಲ್ಲಿನ ಚಾಚಾ ಟ್ಯಾಕ್ಸಿ ಓಡಿಸುತ್ತಿದ್ದರು. ಊಟಕ್ಕೆ ಕೂತಿದ್ದವರು ಕೈಯನ್ನೂ ತೊಳೆಯದೆ ಎದ್ದು, "ಬರ್ರಿ ಅಕ್ಕಾರ, ಕುಂಡ್ರಿ" ಎಂದು ಅವ್ವನನ್ನೂ ನನ್ನನ್ನೂ ಕೂರಿಸಿಕೊಂಡು ಗಾಡಿ ಬಿಟ್ಟರು.

ಆಸ್ಪತ್ರೆಯಲ್ಲಿ ಕೂಸಿನ ಮುಖಕ್ಕೆ ಅದರ ಮುಖದಷ್ಟೇ ದೊಡ್ಡ ಮಾಸ್ಕು ಹಾಕಿದರು. ಡಾಕ್ಟರು ಎದೆಗೆ ಕಿವಿಗೊಟ್ಟು ಕೇಳಿ, ಆಮೇಲೆ ಅವ್ವನನ್ನು ಕೇಳಿದರು.

"ಕ್ವಾಣ್ಯಾಗ ಏನ ಹಚ್ಚತಿದ್ರಿ?"

"ಶೆಗಡಿರಿ."

"ಕಿಟಕಿ?"

"ಮುಚ್ಚಿದ್ವಿರಿ."

"ಇಂಥಾ ಬ್ಯಾಸಿಗ್ಯಾಗ, ಯಾಕ?"

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಏಸಿ ಇತ್ರಿ" ಎಂದಳು.

ಡಾಕ್ಟರು ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಆಕ್ಸಿಜನ್ ಮೇಲೆ ಇಡುತ್ತೇವೆ, ಈಗಲೇ ಏನೂ ಹೇಳಲಾಗುವುದಿಲ್ಲ ಎಂದಷ್ಟೇ ಹೇಳಿ ಹೋದರು. ಅವ್ವ ಮಂಚದ ಪಕ್ಕ ನಿಂತಳು. ಕುರ್ಚಿ ಕೊಟ್ಟರೂ ಕೂರಲಿಲ್ಲ, ಚಹಾ ತಂದರೂ ಮುಟ್ಟಲಿಲ್ಲ. ಆಕೆಯ ಮೇಲೆ ನನಗೆ ಬೆಟ್ಟದಷ್ಟು ಸಿಟ್ಟಿತ್ತು. ಆದರೆ ಉಗುರುಸಂದಿಯಲ್ಲಿ ಇನ್ನೂ ಮಸಿ ಉಳಿದಿದ್ದ ಆ ಕೈಯನ್ನು ಕೂಸಿಗೆ ತಾಗಿಸಲು ಹೆದರಿ ಬೆನ್ನ ಹಿಂದೆ ಹಿಡಿದುಕೊಂಡಿದ್ದಳು.

ಹೊತ್ತು ಇಳಿಯುವಾಗ ಕೂಸು ಕೈಕಾಲು ಆಡಿಸಿತು. ಮಾಸ್ಕನ್ನು ಕೊಡವಿಕೊಳ್ಳಲು ನೋಡಿತು, ಮುಖ ಕೆಂಪಗೆ ಮಾಡಿತು, ಅತ್ತಿತು. ಬಹಳ ದಿನದ ಬಾಕಿಯನ್ನೆಲ್ಲ ಒಮ್ಮೆಲೇ ತೀರಿಸುವವರಂತೆ, ಓಡಿ ಬಂದ ನರ್ಸು ನಕ್ಕು ಬಿಡುವಷ್ಟು ಜೋರಾಗಿ.

ಅದೇ ಹೊತ್ತಿಗೆ ಅವ್ವನ ಫೋನು ರಿಂಗಾಯಿತು. ಅಪ್ಪ. ದನಿ ಎಷ್ಟು ದೊಡ್ಡದೆಂದರೆ ನನಗೂ ಕೇಳಿಸುತ್ತಿತ್ತು. ಮೆಕ್ಯಾನಿಕ್‌ನನ್ನು ಸವದತ್ತಿಯಿಂದ ಹಿಡಿದು ತಂದಿದ್ದ, ತೊಳೆದ ಜಾಳಿಗೆಯನ್ನು ಆತ ವಾಪಸ್ ಸಿಕ್ಕಿಸಿದ್ದ. "ಏಸಿ ಫಸ್ಟ್ ಕ್ಲಾಸ್ ಆತ ನೋಡ, ಮೊದಲಿನಂಗ ಗಾಳಿ ಒಗ್ಯಾಕತ್ತೈತಿ. ಮನಿ ಬಾಗಲಾ ತೆರದ ಒಗದ ಎಲ್ಲಿ ಹೋಗೀರಿ ಎಲ್ಲಾರೂ?" ಎಂದ. ಆಮೇಲೆ, "ಅದ್ಯಾರ ಕೂಸ ಹಂಗ ಒದರಾಕತ್ತೈತಿ?" ಎಂದ.

"ನಮ್ದರಿ" ಎಂದಳು ಅವ್ವ.

"ನಮ್ದ? ಏನಾತು? ಸುಮ್ಮ ಮಾಡಸ ಅದನ್ನ."

ಅವ್ವ ಫೋನನ್ನು ಕಿವಿಯಿಂದ ತೆಗೆದು ಕೂಸಿನ ಬಾಯಿಯ ಹತ್ತಿರ ಹಿಡಿದಳು. ಸಾಕಷ್ಟು ಹೊತ್ತು ಹಿಡಿದೇ ಇದ್ದಳು. ಮತ್ತೆ ಕಿವಿಗಿಟ್ಟುಕೊಂಡಾಗ ಆಕೆಯ ಕೆನ್ನೆ ಪೂರ್ತಿ ಒದ್ದೆಯಾಗಿತ್ತು.

"ಸುಮ್ಮ ಮಾಡಸಬ್ಯಾಡ್ರಿ" ಎಂದಳು. "ಉಸರ ಐತಿ ಅಂತ ಅಳಾಕತ್ತೈತಿ."