ಗ್ರೇಸಿಬಾಯಿ ಇಳಿಸಿದ ಕಲ್ಲುಮನೆ

ಮರುಭೂಮಿಯಿಂದ ಹೊರಡುವ ಮುಂಚೆ ಗ್ರೇಸಿಬಾಯಿ ನಮ್ಮೆಲ್ಲರ ಶೂ ಬಿಚ್ಚಿಸಿ, ತಲೆಕೆಳಗು ಮಾಡಿ ಕೊಡವಿಸುತ್ತಿದ್ದರು. ಒಳಗೆ ಸೇರಿದ ಕೆಂಪು ಮರಳು ಅಲ್ಲೇ ಉದುರಬೇಕು. ಆಮೇಲೆ ಜೇಬು, ಆಮೇಲೆ ಚೀಲ. ಕಸ್ಟಮ್ಸ್‌ನವರೂ ನನ್ನನ್ನು ಅಷ್ಟು ಜಾಲಾಡಿಲ್ಲ. "ಒಳಗೆ ಎಷ್ಟು ತಂದಿದ್ದೀರೋ ಅಷ್ಟೇ ಹೊರಗೆ ಹೋಗ್ಬೇಕು. ಒಂದು ಕಡಿಮೆಯೂ ಇಲ್ಲ, ಒಂದು ಹೆಚ್ಚೂ ಇಲ್ಲ" ಎನ್ನುವರು. ನಾಲ್ಕು ಕಿತ್ತಳೆ ಒಳಗೆ ಹೋಗಿದ್ದರೆ ನಾಲ್ಕರ ಸಿಪ್ಪೆಯನ್ನೂ ತೋರಿಸಬೇಕಿತ್ತು.

ಅದು ಕೆಲಸದಿಂದ ಅಂಟಿಕೊಂಡ ಅಭ್ಯಾಸ. ಇಪ್ಪತ್ತೆರಡನೇ ವಯಸ್ಸಿಗೆ ಮಂಗಳೂರಿನಿಂದ ನರ್ಸಾಗಿ ಜರ್ಮನಿಗೆ ಬಂದವರು ಸ್ಟುಟ್‌ಗಾರ್ಟಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಮೂವತ್ತೆಂಟು ವರ್ಷ ನಿಂತಿದ್ದರು. ಹೊಟ್ಟೆ ಹೊಲಿಯುವ ಮೊದಲು ಕತ್ತರಿ, ಚಿಮುಟ, ಬಟ್ಟೆ ಎಲ್ಲವನ್ನೂ ಎಣಿಸುವುದು ಅವರ ಪಾಲಿನ ಕೆಲಸ. ಒಮ್ಮೆ ಒಂದು ಬಟ್ಟೆಯ ಚೂರು ಲೆಕ್ಕಕ್ಕೆ ಸಿಗದೆ, ದೊಡ್ಡ ಡಾಕ್ಟರನ್ನೇ ಸೂಜಿ ಹಿಡಿದ ಕೈಯಲ್ಲಿ ನಿಲ್ಲಿಸಿಬಿಟ್ಟಿದ್ದರಂತೆ. "ಅವನು ಕಣ್ಣು ಕೆಂಪು ಮಾಡಿದ. ಮಾಡ್ಲಿ ಮಾರಾಯ, ಹೊಟ್ಟೆ ಅವನದ್ದಲ್ಲ ಅಲ್ವಾ?"

ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ "ಪುರುಸೊತ್ತು ಸಿಗ್ಲಿಲ್ಲ" ಎನ್ನುವರು. ನಿವೃತ್ತಿಯಾದ ಮೇಲೆ ಮಾತ್ರ ಮರುಭೂಮಿಯ ಹುಚ್ಚು ಹಿಡಿಯಿತು. ಪ್ರತಿ ಮಾರ್ಚಿನಲ್ಲೂ ಅಮೆರಿಕದ ಅರಿಜೋನಾ. ಅಲ್ಲಿ ಕಾಪಾಡಿಟ್ಟಿರುವ ಕೆಂಪು ಬಂಡೆಗಳು, ಕಲ್ಲಾಗಿಹೋದ ಮರಗಳು, ಹಳೇ ಜನರ ಮನೆಗಳು, ಒಂದನ್ನೂ ಬಿಟ್ಟವರಲ್ಲ. ಫೊಯರ್‌ಬಾಕಿನ ಅವರ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕೂತು ನಾನು ಕಾರಣ ಕೇಳಿದ್ದೆ. "ಹುಟ್ಟಿದಲ್ಲಿ ಹಸಿರು, ಬಂದಲ್ಲೂ ಹಸಿರು. ಎರಡೂ ಕಡೆ ಮೇಲಿಂದ ನೀರು. ಒಮ್ಮೆ ಆದ್ರೂ ಮನುಷ್ಯ ಒಣಗ್ಬೇಕಲ್ಲ ಮಾರಾಯ!"

ಕಣ್ಣು ಮಂಜಾದ ಮೇಲೆ ಅವರಿಗೆ ಡ್ರೈವರ್ ಬೇಕಾಯಿತು. ಕನ್ನಡದವರ ಯುಗಾದಿ ಊಟದಲ್ಲಿ ನನ್ನನ್ನು ಹಿಡಿದರು. ನಾನು ಮೈಸೂರಿನವನು, ಸಿಂಡೆಲ್‌ಫಿಂಗೆನ್‌ನಲ್ಲಿ ಕಾರಿನ ಸಾಫ್ಟ್‌ವೇರ್ ಬರೆಯುವವನು. "ಕಾರಿನ ತಲೆ ಬರೀತೀಯಂತೆ, ಸ್ಟೇರಿಂಗ್ ಹಿಡೀಲಿಕ್ಕೆ ಬರ್ತದೋ ಇಲ್ವೋ?" ಎಂದು ನಾಲ್ಕು ಜನರೆದುರು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಮುಂದಿನ ಮಾರ್ಚಿಗೆ ನನಗೆ, ಹೆಂಡತಿ ಸುಧಾಗೆ, ಮಗಳು ಅನ್ವಿಗೆ ಟಿಕೆಟ್ ಆಯಿತು.

ಹೊರಡಲು ಹತ್ತು ದಿನವಿದೆ ಎನ್ನುವಾಗ ನಮ್ಮ ಮನೆ ಮಾಲೀಕನಿಂದ ಕ್ಯುಂಡಿಗುಂಗ್, ಮನೆ ಬಿಡಿ ಎಂಬ ಕಾಗದ, ಬಂತು. ಅವನ ಮಗನಿಗೆ ಮನೆ ಬೇಕಂತೆ, ಮೂರು ತಿಂಗಳಲ್ಲಿ ಖಾಲಿ ಮಾಡಬೇಕಂತೆ. ಅನ್ವಿ ಆ ವರ್ಷ ಶಾಲೆಗೆ ಸೇರುವವಳು. ಸುಧಾಗೆ ಆಗ ನಾಲ್ಕು ತಿಂಗಳು. ಇಲ್ಲಿ ಬಾಡಿಗೆ ಮನೆ ಹುಡುಕುವ ಕಷ್ಟ ಶತ್ರುವಿಗೂ ಬೇಡ. ಟಿಕೆಟ್ ವಾಪಸ್ ಮಾಡುವ ಹಾಗಿರಲಿಲ್ಲ, ಆ ಕಾಗದವನ್ನು ತಲೆಯಲ್ಲಿ ಹೊತ್ತುಕೊಂಡೇ ವಿಮಾನ ಹತ್ತಿದೆವು.

ಮೊದಲ ದಿನ ಬಂಡೆಯ ಕಂಕುಳಲ್ಲಿ ಕಟ್ಟಿದ್ದ ನೂರಾರು ವರ್ಷದ ಪುಟ್ಟ ಮನೆಗಳನ್ನು ನೋಡಿದೆವು. ಗೋಡೆಗೆ ಮೆತ್ತಿದ ಮಣ್ಣಿನಲ್ಲಿ ಕಟ್ಟಿದವರ ಬೆರಳ ಗುರುತು ಹಾಗೇ ಇತ್ತು. ಗ್ರೇಸಿಬಾಯಿ ಅಲ್ಲಿ ಇಗರ್ಜಿಯಲ್ಲಿ ಮಾತಾಡುವಷ್ಟು ಮೆಲ್ಲಗೆ ಮಾತಾಡಿದರು. "ಇವರ ಮಕ್ಕಳುಮರಿ ಈಗಲೂ ಈ ಕಡೆ ಇದ್ದಾರೆ. ಬೊಬ್ಬೆ ಹಾಕ್ಬೇಡಿ" ಎಂದರು. ಸುಧಾ ಬೇಲಿಯ ಈಚೆಯಿಂದ ಬಹಳ ಹೊತ್ತು ನೋಡುತ್ತಿದ್ದಳು. "ನೋಡ್ರೀ, ಒಲೆ ಇಡೋಕೆ ಇವ್ರಿಗೂ ಒಂದು ಜಾಗ ಇತ್ತು" ಎಂದಳು.

ಮಾರನೇ ದಿನದ್ದು ಬರೀ ಬಂಡೆಯ ಮೇಲಿನ ನಡಿಗೆ. ಬಂಡೆಯ ಮೇಲೆ ಹೆಜ್ಜೆಗುರುತು ಮೂಡುವುದಿಲ್ಲವಲ್ಲ, ಅದಕ್ಕೆ ಕಾವಲಿನವರು ಅಲ್ಲಲ್ಲಿ ಕಲ್ಲಿನ ಸಣ್ಣ ಗುಡ್ಡೆ ಇಟ್ಟಿರುತ್ತಾರೆ, ಅದೇ ದಾರಿ. ಗ್ರೇಸಿಬಾಯಿ ಇದನ್ನು ಹೊರಡುವಾಗಲೇ ಹೇಳಿದ್ದರು. ಮನೆಯ ಚಿಂತೆಯಲ್ಲಿ ನಾವು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೆವು. ಅವರು ಸ್ವಲ್ಪ ಮುಂದೆ ಹೋಗಿದ್ದಾಗ ಸುಧಾ ದಣಿದು ಒಂದು ಕಡೆ ಕೂತಳು. ಕೂತವಳು ಚಪ್ಪಟೆ ಕಲ್ಲೊಂದನ್ನು ಎತ್ತಿಟ್ಟು, ಅದರ ಮೇಲೆ ಇನ್ನೊಂದನ್ನಿಟ್ಟಳು. ನಮ್ಮ ಕಡೆ ದೇವರ ಬೆಟ್ಟ ಹತ್ತುವಾಗ ಸ್ವಂತ ಮನೆಯಾಗಲಿ ಎಂದು ದಾರಿ ಪಕ್ಕ ಕಲ್ಲಿನ ಮೇಲೆ ಕಲ್ಲಿಡುತ್ತಾರಲ್ಲ, ಅದೇ. ಬಾಡಿಗೆ ಮನೆಗೂ ಅದು ನಡೆಯುತ್ತದೋ ಇಲ್ಲವೋ, ನಾನೂ ಕೈ ಸೇರಿಸಿದೆ. "ಇದು ಹಾಲ್, ಇದು ಕಿಚನ್" ಎಂದೆ. ಅನ್ವಿ "ಬಾಲ್ಕೋನ್!" ಎಂದು ಐದನೆಯದನ್ನಿಟ್ಟಳು. ಸುಧಾ ಕಣ್ಣುಮುಚ್ಚಿ ಕೈಮುಗಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಗೆಲುವಾಗಿತ್ತು.

ವಾಪಸ್ ಬರುವಾಗ ದೂರದಲ್ಲಿ ವಯಸ್ಸಾದ ಗಂಡಹೆಂಡತಿ ಕಂಡರು. ದಾರಿ ಎಡಕ್ಕಿತ್ತು, ಅವರು ಬಲಕ್ಕೆ ಹೊರಳಿ ನಮ್ಮ ಕಲ್ಲುಮನೆಯನ್ನು ದಾಟಿ ಮುಂದೆ ಹೋಗುತ್ತಿದ್ದರು. ಅದರಾಚೆ ಬಂಡೆ ಇಳಿಜಾರಾಗಿ, ಆಮೇಲೆ ಏನೂ ಇರಲಿಲ್ಲ.

"ಹಾಲ್ಟ್!"

ಗ್ರೇಸಿಬಾಯಿಯ ಆ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ದೊಡ್ಡ ಡಾಕ್ಟರ್ ಯಾಕೆ ನಿಂತನೆಂದು ಆಗ ಗೊತ್ತಾಯಿತು. ಇಬ್ಬರೂ ನಿಂತಲ್ಲೇ ನಿಂತರು. ಹತ್ತಿರ ಹೋಗಿ ಮಾತಾಡಿಸಿದರೆ ಅವರೂ ಜರ್ಮನಿಯವರೇ! ಕಲ್ಲಿನ ಗುಡ್ಡೆ ನೋಡಿ ಇದೇ ದಾರಿ ಅಂದುಕೊಂಡರಂತೆ.

ಅವರನ್ನು ದಾರಿಗೆ ಹತ್ತಿಸಿ ಗ್ರೇಸಿಬಾಯಿ ನಮ್ಮ ಕಡೆ ತಿರುಗಿದರು. "ಯಾರದ್ದು ಇದು?"

"ನಂದು ಬಾಯಿ. ಮನೆಗೋಸ್ಕರ" ಎಂದಳು ಸುಧಾ.

ಅವರು ವಯಸ್ಸಿಗೆ ಸವೆದ ಮಂಡಿಗಳನ್ನು ಊರಿ ಕೂತು ಒಂದೊಂದೇ ಕಲ್ಲು ಇಳಿಸತೊಡಗಿದರು. ಎತ್ತಿದ ಜಾಗ ಹುಡುಕಿ, ಬಿಸಿಲಿಗೆ ಮಾಸಿದ ಮಗ್ಗುಲು ಮೇಲೆ ಬರುವಂತೆ ಮತ್ತೆ ಕೂರಿಸಿದರು.

"ದಮ್ಮಯ್ಯ ಬಾಯಿ, ಬೇಡ. ಹರಕೆ ಹೊತ್ತಿದ್ದೀನಿ. ಕಟ್ಟಿದ ಮನೆ ಕೆಡವಬಾರ್ದು."

"ನಿನಗೆ ಮನೆ ಸಿಗ್ಬೇಕು ಅಂತ ನನಗಿಲ್ವಾ ಸುಧಾ? ಆದ್ರೆ ಇದನ್ನು ನಂಬಿ ಆ ಮುದುಕ ಮುದುಕಿ ಸಾಯ್ಲಿಕ್ಕೆ ಹೋಗಿದ್ರಲ್ಲ."

ಸುಧಾ ಬಿಕ್ಕಿ ಬಿಕ್ಕಿ ಅತ್ತಳು. ಬಾಯಿ ಹೇಳಿದ್ದು ನೂರಕ್ಕೆ ನೂರು ಸರಿ, ಹೆಂಡತಿಯ ಕಣ್ಣೀರೂ ಸುಳ್ಳಲ್ಲ.

ಜರ್ಮನಿಗೆ ವಾಪಸ್ ಬಂದ ಮೇಲೆ ಅವಳು ಗ್ರೇಸಿಬಾಯಿಯ ಫೋನ್ ಎತ್ತುವುದನ್ನೇ ಬಿಟ್ಟಳು. ವಾರಕ್ಕೆ ಮೂರು ಮನೆ ನೋಡುತ್ತಿದ್ದೆವು. ಹೋದಲ್ಲೆಲ್ಲ ಮೆಟ್ಟಿಲ ತುಂಬ ಜನ, ಎಲ್ಲರ ಕೈಯಲ್ಲೂ ಫೈಲು. ಇಲ್ಲ ಎಂಬ ಮೇಲ್ ಬಂದಾಗಲೆಲ್ಲ ಸುಧಾ "ಕೆಡವಿದ್ರಲ್ಲ, ಇನ್ನೆಲ್ಲಿ ಸಿಗುತ್ತೆ" ಎನ್ನುವಳು. ಹೇಳಲು ನಾಚಿಕೆ, ಇಂಜಿನಿಯರಾದ ನಾನೂ ಅರ್ಧ ನಂಬತೊಡಗಿದ್ದೆ.

ಮೇ ತಿಂಗಳ ಕೊನೆಗೆ ಬಾಯಿ ನನಗೆ ಫೋನ್ ಮಾಡಿದರು. "ಸುಧಾನನ್ನು ಕರ್ಕೊಂಡು ಬಾ. ಬರುದಿಲ್ಲ ಅಂದ್ರೆ ಎತ್ಕೊಂಡು ಬಾ." ಹೋದರೆ ಅವರ ಮನೆಯಲ್ಲಿ ಆ ಮನೆಯ ಒಡತಿ, ಎಂಬತ್ತರ ಜರ್ಮನ್ ಮುದುಕಿ, ಕಾಫಿ ಕುಡಿಯುತ್ತ ಕೂತಿದ್ದಳು. ಮೇಜಿನ ಮೇಲೆ ನಮ್ಮ ಹೆಸರು ಬರೆದ ಬಾಡಿಗೆ ಕರಾರು.

"ನಾನು ಮುಂದಿನ ತಿಂಗಳು ಆಲ್ಟರ್ಸ್‌ಹೈಮಿಗೆ, ವೃದ್ಧಾಶ್ರಮಕ್ಕೆ ಹೋಗ್ತೇನೆ" ಎಂದರು ಬಾಯಿ. "ಈ ಮಂಡಿಯಲ್ಲಿ ಮೂರು ಮಹಡಿ ಇನ್ನು ಆಗುದಿಲ್ಲ. ನಿಮಗೆ ಕಾಗದ ಬಂದ ದಿನದಿಂದ ಈ ಮನೆ ನಿಮಗೆ ಕೊಡು ಅಂತ ಇವಳ ಬೆನ್ನು ಬಿದ್ದಿದ್ದೆ. ಮಕ್ಕಳ ಗಲಾಟೆ ಅಂತ ಹೆದರ್ತಿದ್ಳು, ನಿನ್ನೆ ಹೂಂ ಅಂದ್ಳು."

"ಅಲ್ಲೇ ಹೇಳಬಾರ್ದಿತ್ತಾ ಬಾಯಿ? ನಿಮ್ಮನ್ನ ಎಷ್ಟು ಬೈಕೊಂಡೆ ನಾನು!"

"ಹೇಳಿ ಆಸೆ ಹುಟ್ಟಿಸ್ತೇನೆ, ಆಮೇಲೆ ಇವಳು ನೈನ್, ಆಗುದಿಲ್ಲ ಅಂತಾಳೆ. ಹೊಟ್ಟೆಯಲ್ಲಿ ಮಗು ಇಟ್ಕೊಂಡು ತಡ್ಕೊಳ್ತಿದ್ಯಾ ನೀನು? ಬೈದದ್ದು ಬಿಡು, ನನಗೆ ಅಭ್ಯಾಸ ಉಂಟು."

ಸುಧಾ ಅವರನ್ನು ತಬ್ಬಿಕೊಂಡು ಅತ್ತಳು. ಮುದುಕಿ ಏನಾಯಿತೆಂದು ತಿಳಿಯದೆ ನನ್ನ ಮುಖ ನೋಡಿದಳು. ನನ್ನ ಕಣ್ಣೂ ಒದ್ದೆಯಾಗಿತ್ತು.

ಹೈಮಿನಲ್ಲಿ ಬಾಯಿ ಒಂದು ವರ್ಷ ಇದ್ದರು. ಕೊನೆಯ ಭಾನುವಾರ ನಮ್ಮ ಪುಟ್ಟ ಮಗನನ್ನು ತೊಡೆಯ ಮೇಲಿಟ್ಟುಕೊಂಡು "ಮನೆ ಹೇಗುಂಟು?" ಎಂದು ಕೇಳಿದರು.

"ನಿಮ್ಮನೆ ಚೆನ್ನಾಗಿದೆ ಬಾಯಿ" ಎಂದಳು ಸುಧಾ.

"ಎಂಥ ನಿಮ್ಮನೆ? ನಮ್ಮನೆ ಅಂತ ಹೇಳ್ಲಿಕ್ಕೆ ಇನ್ನು ಎಷ್ಟು ವರ್ಷ ಬೇಕು ನಿನಗೆ?"

"ನೀವಿರೋವರ್ಗೂ ಅದು ನಿಮ್ಮನೇನೇ. ಸುಮ್ನಿರಿ."

ಬಾಯಿ ನಕ್ಕರು. ಆ ಗುರುವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಮಣ್ಣು ಮಾಡಿ ಸ್ಮಶಾನದಿಂದ ಹೊರಗೆ ಬಂದಾಗ ಅನ್ವಿ ಅಮ್ಮನ ಕೈ ಜಗ್ಗಿ, ಈಗ ಎಲ್ಲಿಗೆ ಹೋಗುವುದು ಎಂದು ಜರ್ಮನ್‌ನಲ್ಲಿ ಕೇಳಿದಳು.

"ನಮ್ಮನೆಗೆ" ಎಂದಳು ಸುಧಾ. ಅಂದವಳು ಅಲ್ಲೇ ಗೇಟು ಹಿಡಿದು ನಿಂತುಬಿಟ್ಟಳು.